ಚಂದ್ರಪ್ಪನವರ ಮಂಡಿಯೂ ಗೇಟಿನ ಕುರ್ಚಿಯೂ

ಅಲ್ಲಾಡದೆ ನಿಂತೇ ಇದ್ದರೆ ಮಂಡಿ ಉಪವಾಸ ಬೀಳುತ್ತದೆ. ಇದೇನು ಡಾಕ್ಟರರ ಗುಟ್ಟಲ್ಲ. ಎರಡು ಕಾಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮಾತು.

ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಚಂದ್ರಪ್ಪ ದಿನಕ್ಕೆ ಹನ್ನೆರಡು ಗಂಟೆ ಕಾವಲು ನಿಲ್ಲುತ್ತಾರೆ. ಅರಸೀಕೆರೆ ಕಡೆಯವರು, ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು, ಈಗ ಐವತ್ತೊಂಬತ್ತು. ಮೊದಲು ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅವರು ಕೂತಿದ್ದ ಫೋಟೊವನ್ನು ಯಾರೋ ಪುಣ್ಯಾತ್ಮರು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮರುದಿನ ಕುರ್ಚಿ ಮಾಯ. ಎತ್ತಿಸಿದವರು ಸೆಕ್ರೆಟರಿ ರಘುನಂದನ್, ನಮ್ಮ ಕನ್ನಡದವರೇ. "ನಿಲ್ಲೋಕಾಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ತೀವಿ" ಎಂದೂ ಹೇಳಿದರು.

ಎರಡು ತಿಂಗಳಿಗೆ ಬಲ ಮಂಡಿ ಊದಿತು. ಕೆಲಸ ಹೋದೀತೆಂದು ಚಂದ್ರಪ್ಪ ಬಾಯಿಬಿಡಲಿಲ್ಲ. ಪ್ಯಾಂಟನ್ನು ಸಡಿಲ ಮಾಡಿಸಿಕೊಂಡರು, ಅಷ್ಟೆ.

ಕಂಡುಹಿಡಿದವಳು ಮೂರನೇ ಮಹಡಿಯ ಹರ್ಷಿಣಿ, ಫಿಸಿಯೊಥೆರಪಿ ಓದುತ್ತಿರುವ ಕನ್ನಡದ ಹುಡುಗಿ.

"ಅಂಕಲ್, ಏಕ್ ಮಿನಿಟ್. ನೀವು ಮಂಡಿ ಹೀಗೆ ಸಣ್ಣಗೆ ಮಡಚಿ ಬಿಡ್ತಾ ಇದ್ದೀರಲ್ಲ, ಯಾಕೆ?"

"ಪರೇಡಲ್ಲಿ ಕಲಿತದ್ದು ಪುಟ್ಟಾ. ಮಂಡಿ ಬಿಗಿಹಿಡಿದು ನಿಂತವನು ದೊಪ್ಪಂತ ಬೀಳ್ತಾನೆ. ಸುಬೇದಾರನ ಕಣ್ಣಿಗೆ ಬೀಳದ ಹಾಗೆ ಸಡಿಲ ಬಿಡ್ಬೇಕು. ನಿನ್ನ ಕಣ್ಣಿಗೆ ಬಿತ್ತು ಅಂದ್ರೆ ನನಗೆ ವಯಸ್ಸಾಯ್ತು ಬಿಡು."

ಊತ ನೋಡಿ ಆಗ ಅವಳು ಹೇಳಿದ್ದನ್ನು ನೀವೂ ಕೇಳಿ. ಕೀಲಿನಲ್ಲಿ ಸೇರುವ ಮೂಳೆಗಳ ತುದಿಗೆ ಒಂದು ನುಣುಪಾದ ಪದರವಿದೆ, ಕೆಲವೇ ಮಿಲಿಮೀಟರ್ ದಪ್ಪ. ಅದರೊಳಗೆ ರಕ್ತನಾಳವಿಲ್ಲ. ನರವೂ ಇಲ್ಲ, ಹಸಿದರೆ ಕೂಗಲಾರದು! ಸುತ್ತಲಿರುವ, ಮೊಟ್ಟೆಯ ಬಿಳಿಯಂಥ ದ್ರವವೇ ಅದರ ಅನ್ನ. ಭಾರ ಬಿದ್ದಾಗ ಪದರ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಭಾರ ಇಳಿದಾಗ ಹೀರಿಕೊಳ್ಳುತ್ತದೆ. ಒಂದೊಂದು ಹೆಜ್ಜೆಯೂ ಒಂದೊಂದು ತುತ್ತು. ಬೆನ್ನ ಮೇಲೆ ಮೂವತ್ತು ಕಿಲೊ ಹೊತ್ತ ಚಂದ್ರಪ್ಪನವರನ್ನು ಲಡಾಖಿನ ಗುಡ್ಡ ಹತ್ತಿಸಿದ್ದು ಇದೇ ಪದರ. ನಿಮ್ಮ ಕಾರು ವರ್ಷ ವರ್ಷ ಸರ್ವಿಸ್ ಕೇಳುತ್ತದೆ. ಇದು ಐವತ್ತೊಂಬತ್ತು ವರ್ಷ ಏನನ್ನೂ ಕೇಳಲಿಲ್ಲ.

ಚಂದ್ರಪ್ಪ ಮಂಡಿಯ ಮೇಲೆ ಕೈಯಿಟ್ಟರು, ದೇವರ ಪ್ರಸಾದ ಮುಟ್ಟಿದ ಹಾಗೆ. "ಇದ್ರೊಳಗೆ ಇಷ್ಟೆಲ್ಲ ನಡೀತದಾ?"

ಹರ್ಷಿಣಿ ಮನೆಯಿಂದ ಊಟದ ಮೇಜಿನ ಕುರ್ಚಿಯನ್ನೇ ಹೊತ್ತು ತಂದಳು. ಅವರು ಒಪ್ಪಲಿಲ್ಲ.

"ಡ್ಯೂಟೀಲಿ ಕೂತ್ಕೊಂಡ್ರೆ ಸಿಪಾಯಿ ಅನ್ನಿಸ್ಕೊಳ್ಳಲ್ಲಮ್ಮ."

"ಕೂತ್ಕೊಳ್ಳೋಕಲ್ಲ ಅಂಕಲ್, ಏಳೋಕೆ! ಗಾಡಿ ಬಂದಾಗಲೆಲ್ಲ ಎದ್ದು ಸೆಲ್ಯೂಟ್ ಹೊಡೀರಿ. ಚಲೋ, ಟ್ರೈ ಮಾಡಿ."

ಆ ವಾರ ಪ್ರತಿ ಕಾರಿಗೂ ಅವರು ಎದ್ದರು. ಊತ ಸ್ವಲ್ಪ ತಗ್ಗಿತು. ಶುಕ್ರವಾರ ಹರ್ಷಿಣಿ ಅಲ್ಲೇ ಇದ್ದಾಗ ರಘುನಂದನ್ ಕುರ್ಚಿ ಕಂಡರು.

"ಇದ್ಯಾರ ಮನೇದು?"

"ನಮ್ದು ಅಂಕಲ್. ನೀವೂ ಹತ್ತು ಸಲ ಕೂತು ಎದ್ದು ನೋಡಿ, ಒಳ್ಳೇದು."

"ರೂಲ್ ಅಂದ್ರೆ ರೂಲ್ ಕಣಮ್ಮಾ. ಭಾನುವಾರ ಮೀಟಿಂಗಲ್ಲಿ ವೋಟಿಗೆ ಹಾಕ್ತೀನಿ."

ಅಂದರೆ ಒಬ್ಬ ಮನುಷ್ಯ ಕೂರಬಹುದೇ ಎಂದು ಅರವತ್ತು ಮನೆಯವರು ಸೋಫಾದಿಂದ ಎದ್ದು ಬಂದು, ಮೀಟಿಂಗಿನ ಕುರ್ಚಿಗಳಲ್ಲಿ ಕೂತು, ತೀರ್ಮಾನಿಸುತ್ತಾರೆ!

ನಿಮ್ಮ ಗೇಟಿನಲ್ಲೂ ಒಬ್ಬ ಚಂದ್ರಪ್ಪ ನಿಂತಿದ್ದಾರೆ. ಮೀಟಿಂಗಿಗೆ ಹೋಗಿ. ಕುರ್ಚಿಯ ಪರವಾಗಿ ಕೈ ಎತ್ತಿ. ಎತ್ತುವಾಗ ನಿಮ್ಮ ಭುಜದ ಕೀಲು ಸದ್ದಿಲ್ಲದೆ, ನೋವಿಲ್ಲದೆ ತಿರುಗುತ್ತದಲ್ಲ, ಆ ಬೆರಗಿಗೆ ಮರ್ಯಾದೆ ಕೊಟ್ಟಾದರೂ ಎತ್ತಿ.