ಕೆಂಪು ದಾರದ ಚಮಚ

ಚಮಚದ ಹಿಡಿಗೆ ಸುತ್ತಿದ್ದ ಕೆಂಪು ದಾರ ಮಾಸಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಳೆದ ವಾರ ಅಮ್ಮನ ಅಡುಗೆಮನೆಯ ಮೇಲಿನ ಶೆಲ್ಫ್ ಒರೆಸುವಾಗ ಸಿಕ್ಕಿತು. ಕೈಗೆತ್ತಿಕೊಂಡ ಕೂಡಲೇ ಬೇಳೆ ಬೇಯುವ ವಾಸನೆ ತುಂಬಿದ ಒಂದು ಹಾಲ್ ನೆನಪಾಯಿತು. ಅದರ ನಡುವೆ ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು ನಿಂತಿದ್ದ ಟೀಚರ್ ಕೂಡ...

ತೊಂಬತ್ತರ ದಶಕದ ಕೊನೆ. ಭದ್ರಾವತಿಯಲ್ಲಿ ಅಪ್ಪನ ಕೆಲಸ ಹೋಗಿತ್ತು. ನಾನು ಡಿಗ್ರಿಯಲ್ಲಿದ್ದೆ, ಮುಂದೆ ಓದುವುದು ಅನುಮಾನವಾಗಿತ್ತು. ಶಿವಮೊಗ್ಗದಲ್ಲಿ ಹೆಂಗಸರಿಗೆ ಕ್ಯಾಂಟೀನ್ ಅಡುಗೆಯ ತರಬೇತಿ ಕೊಡುತ್ತಾರೆಂದು ಕೇಳಿ ಅಮ್ಮ ಸೇರಿಕೊಂಡಳು.

ಟೀಚರ್ ಎಷ್ಟೋ ವರ್ಷ ಗೆಸ್ಟ್‌ಹೌಸೊಂದರಲ್ಲಿ ಅಡುಗೆ ಮಾಡಿದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ರಾಶಿ ತರಕಾರಿಯನ್ನು ಒಂದೇ ಅಳತೆಗೆ ಹೆಚ್ಚುವುದು, ದೊಡ್ಡ ಪಾತ್ರೆಯನ್ನು ಇಬ್ಬರು ಹಿಡಿದು ಇಳಿಸುವುದು, ಎಲ್ಲವನ್ನೂ ತಾವೇ ಮಾಡಿ ತೋರಿಸುತ್ತಿದ್ದರು. ಅಮ್ಮ ಬೇಗ ಕಲಿತಳು. ಕಲಿಯದೆ ಉಳಿದದ್ದು ಒಂದೇ, ರುಚಿ ನೋಡುವುದು.

ನಮ್ಮ ಮನೆಯಲ್ಲಿ ದೇವರಿಗೆ ಎಡೆಯಾಗುವ ಮುಂಚೆ ಅಡುಗೆಯನ್ನು ಯಾರೂ ಬಾಯಿಗಿಡುವಂತಿರಲಿಲ್ಲ. ಕುದಿಯುವ ಸಾರಿನ ವಾಸನೆಯಿಂದಲೇ ಉಪ್ಪು ಸಾಕೋ ಬೇಕೋ ಎಂದು ಅಮ್ಮ ಹೇಳುತ್ತಿದ್ದಳು. ಮನೆಯ ಪಾತ್ರೆಯಲ್ಲಿ ಅದು ತಪ್ಪಿದ್ದೂ ಕಡಿಮೆ.

"ಮೂಗಲ್ಲಿ ಉಪ್ಪು ನೋಡೋಕೆ ನೀವೇನು ಬೆಕ್ಕಾ ಅಕ್ಕ?" ಎಂದು ಟೀಚರ್ ಕಿಚಾಯಿಸುತ್ತಿದ್ದರು. ಪ್ರತಿಯೊಬ್ಬರಿಗೂ ಕೆಂಪು ದಾರ ಸುತ್ತಿದ ಒಂದು ಚಮಚ ಕೊಟ್ಟಿದ್ದರು. ಅದು ಬಾಯಿಗೆ ಮಾತ್ರ, ಪಾತ್ರೆಗೆ ಇಳಿಯಬಾರದು. ಸೌಟಿನಿಂದ ಅದಕ್ಕೆ ಸುರಿದುಕೊಂಡು ರುಚಿ ನೋಡಬೇಕು. ಅಮ್ಮನ ಚಮಚ ಒದ್ದೆಯೇ ಆಗಿರಲಿಲ್ಲ.

ಕೊನೆಯ ದಿನ ಮಾಚೇನಹಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನ್ ಮ್ಯಾನೇಜರ್ ಊಟ ಮಾಡಿ ನೋಡಿ, ಕೆಲಸಕ್ಕೆ ಆರಿಸಿಕೊಳ್ಳುವವರಿದ್ದರು. ಸಾಂಬಾರ್ ಅಮ್ಮನ ಪಾಲಿಗೆ ಬಂದಿತ್ತು. ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಜೊತೆಗೆ ಹೋಗಿದ್ದೆ. ಅಮ್ಮ ಉಪ್ಪು ಹಾಕಿ ಕರಿಬೇವು ತೊಳೆಯಲು ಹೊರಗೆ ಹೋದಳು. ಅಷ್ಟರಲ್ಲಿ ಪಕ್ಕದ ಒಲೆಯ ಹೆಂಗಸು, ಮದುವೆ ಮನೆಯಲ್ಲಿ ಕೈಜೋಡಿಸುವವರ ಹಾಗೆ, ತಾನೂ ಒಂದು ಹಿಡಿ ಉಪ್ಪು ಹಾಕಿಬಿಟ್ಟಳಂತೆ. ಟೀಚರ್ ಮಾತ್ರ ನೋಡಿದ್ದರು. ಇದು ನಮಗೆ ತಿಳಿದದ್ದು ಆಮೇಲೆ.

ಅಮ್ಮ ಬಂದು ಎಂದಿನಂತೆ ವಾಸನೆ ನೋಡಿ, "ಸರಿಯಾಗಿದೆ ಟೀಚರ್" ಎಂದಳು.

"ರುಚಿ ನೋಡಿ ಹೇಳಿ ಅಕ್ಕ."

"ಅದೊಂದು ಕೇಳಬೇಡಿ. ಎಡೆ ಆಗದೆ ಹೆಂಗೆ ಬಾಯಿಗಿಡೋದು?"

ಟೀಚರ್ ವಾದ ಮಾಡಲಿಲ್ಲ. ಒಂದು ಬಟ್ಟಲು ತೊಳೆದು ಅಮ್ಮನ ಕೈಗೆ ಕೊಟ್ಟರು. ಮೊದಲ ಸೌಟನ್ನು ಅದಕ್ಕೆ ಹಾಕಿಸಿ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನ ಮುಂದೆ ಸ್ಟೂಲಿನ ಮೇಲೆ ಇಡಿಸಿದರು. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಟೀಚರ್ ಕೂಡ ತಲೆಬಾಗಿ ಪಕ್ಕದಲ್ಲೇ ನಿಂತಿದ್ದರು.

"ದೇವರದ್ದು ಆಯ್ತು. ಪಾತ್ರೇಲಿರೋದು ಊಟಕ್ಕೆ ಬರೋರದ್ದು. ಅವರ ಬಾಯಿಗೆ ಹೋಗೋ ಮುಂಚೆ ನಮ್ಮ ಬಾಯಿಗೆ ಗೊತ್ತಾಗ್ಬೇಕು."

ಅಮ್ಮ ಚಮಚ ತೆಗೆದಳು. ಬಾಯಿಗಿಟ್ಟವಳೇ ಮುಖ ಕಿವುಚಿದಳು. "ಅಯ್ಯೋ ಶಿವನೇ, ಇಷ್ಟು ಉಪ್ಪಿಂದು ನಿಂಗೆ ಇಟ್ನಾ!"

"ಅವನು ಸಹಿಸ್ಕೋತಾನೆ ಬಿಡಿ ಮಾರಾಯ್ತಿ, ಮ್ಯಾನೇಜರ್ ಸಹಿಸಲ್ಲ. ಬೇಳೆ ಹಾಕಿ, ಬೇಗ!"

ಉಪ್ಪಿಲ್ಲದ ಬೆಂದ ಬೇಳೆಯನ್ನು ಟೀಚರ್ ಆಗಲೇ ಒಂದು ಪಾತ್ರೆಯಲ್ಲಿ ಎತ್ತಿಟ್ಟಿದ್ದರು. ಅದನ್ನು ಸುರಿದು, ಬಿಸಿನೀರು, ಹುಳಿ, ಖಾರ ಬೆರೆಸಿ ಅಮ್ಮ ಮತ್ತೆ ಕುದಿಸಿದಳು. ಯಾರೂ ಹೇಳದೆಯೇ ಮತ್ತೊಮ್ಮೆ ರುಚಿ ನೋಡಿದಳು. ಮ್ಯಾನೇಜರ್ ಅನ್ನಕ್ಕೆ ಇನ್ನೊಂದು ಸಲ ಸಾಂಬಾರ್ ಹಾಕಿಸಿಕೊಂಡರು.

ಟೀಚರ್ ತಾವೇ ಸರಿಮಾಡಿಬಿಡಬಹುದಿತ್ತು. ಹಾಗೆ ಮಾಡಿದ್ದರೆ ಅಮ್ಮ ಆ ದಿನಕ್ಕೆ ಮಾತ್ರ ಪಾರಾಗುತ್ತಿದ್ದಳು. ಅಮ್ಮನ ನಂಬಿಕೆಯನ್ನು ಗೇಲಿ ಮಾಡದೆ, ಕೆಲಸದ ಕ್ರಮವನ್ನೂ ಬಿಟ್ಟುಕೊಡದೆ, ಒಂದು ಬಟ್ಟಲಿನಲ್ಲಿ ಎರಡಕ್ಕೂ ಜಾಗ ಮಾಡಿದ ಅವರ ಆ ರೀತಿ ನನಗೆ ಈಗಲೂ ದೊಡ್ಡದಾಗಿಯೇ ಕಾಣುತ್ತದೆ.

ಅಮ್ಮ ಆ ಕ್ಯಾಂಟೀನಿನಲ್ಲಿ ದುಡಿದದ್ದರಿಂದ ನಾನು ಎಂ.ಎ. ಮುಗಿಸಿದೆ. ಆಮೇಲೆ ಒಮ್ಮೊಮ್ಮೆ ಮಲವಗೊಪ್ಪದ ಬಸ್‌ಸ್ಟಾಪಿನಲ್ಲಿ ಟೀಚರ್ ಸಿಗುತ್ತಿದ್ದರು. ಮೊದಲು ಕೇಳುತ್ತಿದ್ದದ್ದು ಒಂದೇ: "ಅಮ್ಮ ರುಚಿ ನೋಡ್ತಾರೇನೇ?"

ಕಳೆದ ವಾರ ಚಮಚ ಸಿಕ್ಕಾಗ ಅದನ್ನು ತೋರಿಸಿ, ಟೀಚರ್ ಹೇಗಿದ್ದಾರೆ ಎಂದು ಅಮ್ಮನನ್ನು ಕೇಳಿದೆ.

"ಹೋದ ವರ್ಷವೇ ತೀರ್ಕೊಂಡ್ರಂತೆ ಕಣೆ. ನಂಗೂ ಮೊನ್ನೆ ಬಸ್ಸಲ್ಲಿ ಯಾರೋ ಹೇಳಿದ್ರು..."

ಅಮ್ಮ ಒಲೆಯ ಕಡೆ ತಿರುಗಿದಳು. ಅಮ್ಮ ರುಚಿ ನೋಡ್ತಾರೇನೇ ಎಂದು ಇನ್ನು ಯಾರೂ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಏಳುವ ಮುಂಚೆ ಚಮಚ ತೊಳೆದು ಹೊಸ ಕೆಂಪು ದಾರ ಸುತ್ತಿದೆ. ಸಾರು ಮಾಡಿ ಮೊದಲ ಸೌಟನ್ನು ಬಟ್ಟಲಿಗೆ ಎತ್ತಿ ದೇವರ ಮುಂದಿಟ್ಟೆ. ಆಮೇಲೆ ರುಚಿ ನೋಡಿದೆ. ಉಪ್ಪು ಸ್ವಲ್ಪ ಬೇಕಿತ್ತು. ಹಾಕಿದೆ.