ಬಂಪರಿಗೆ ಬಳಿದ ಎಣ್ಣೆ

ವಳಸಂಗದ ಮಲಕಮ್ಮ ಆರು ವರ್ಷದಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಸೋಲಾಪುರದ ಒಂದು ಕಾರು ತೊಳೆಯುವ ಸೆಂಟರಿಗೆ ಬರುತ್ತಿದ್ದಳು. ಸೀಟು, ಮ್ಯಾಟು ಒರೆಸಲು ಸೇರಿದವಳು. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಬಂಪರು, ಚಕ್ರದ ಮೇಲಿನ ಪಟ್ಟಿ, ಬಾಗಿಲಿನ ಅಂಚು, ಇಂಥ ಕಪ್ಪು ಪ್ಲಾಸ್ಟಿಕ್ಕಿಗೆ ಮತ್ತೆ ಕಪ್ಪು ತರಿಸುವ ಕೆಲಸವನ್ನು ಅಲ್ಲಿದ್ದ ಹಿರಿಯ ನಾಗಣ್ಣನ ಕೈಯಿಂದ ಕಲಿತಳು. ನಾಗಣ್ಣ ಕೆಲಸ ಬಿಟ್ಟ ಮೇಲೆ ಗಿರಾಕಿಗಳು ಅವಳ ಹೆಸರು ಹಿಡಿದು ಕೇಳಿಕೊಂಡು ಬರತೊಡಗಿದರು. ತನ್ನ ಹೆಸರನ್ನು ಪರವೂರಿನವರೂ ಕೇಳುತ್ತಾರೆಂಬುದು ಅವಳಿಗೆ ಯಾರೊಂದಿಗೂ ಹೇಳಿಕೊಳ್ಳದ ಹೆಮ್ಮೆ.

ಸೆಂಟರಿನ ಮಾಲಕ ಯೋಗಿರಾಜ ಹಳೆಯ ಕಾರುಗಳನ್ನೂ ಮಾರುತ್ತಿದ್ದ. ಮೇ ತಿಂಗಳ ಒಂದು ದಿನ ಅಂಗಳದಲ್ಲಿ ನಿಂತ ಎಂಟು ಕಾರು ತೋರಿಸಿದ.

"ಮಲಕಮ್ಮ, ನಾಳೆ ಗಿರಾಕಿ ಬರ್ತಾರ. ತಿಕ್ಕೂದು ತೊಳಿಯೂದು ಬ್ಯಾಡ. ಕರಿ ಪ್ಲಾಸ್ಟಿಕ್ಕಿಗೆಲ್ಲ ಎಣ್ಣಿ ಹಚ್ಚಿ ಮಿಂಚಿಸಿಬಿಡು."

"ಒಂದು ಮಳಿ ಬಿದ್ರ ಸಾಕು, ಎಲ್ಲಾ ತೊಳಕೊಂಡು ಹೋಗತೈತ್ರಿ ಸಾಹೇಬ್ರ. ಅಂಥಾ ಕೆಲಸ ನಾ ಮಾಡಂಗಿಲ್ಲ."

"ಮಳಿ ಬೀಳೂದ್ರೊಳಗ ಗಾಡಿ ಮಾರಿರ್ತೀನಿ."

ಅವಳು ಬೆನ್ನು ತಿರುಗಿಸಿ ಹೋದಳು. ಎಣ್ಣೆಯನ್ನು ಬೇರೆಯವರು ಹಚ್ಚಿದರು.

ಜೂನ್ ಮೊದಲ ಮಳೆ ಸುರಿದ ಮರುದಿನ ಅಕ್ಕಲಕೋಟದಿಂದ ಸ್ನೇಹಲ ಎಂಬ ಶಿಕ್ಷಕಿ ಬಂದಳು. ಆ ಎಂಟರಲ್ಲಿ ಒಂದು ಬಿಳಿ ಕಾರು ಅವಳದು. ಅವಳ ಜೀವನದ ಮೊದಲ ಕಾರು. ಬಂಪರು ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಬಾಗಿಲ ಮೇಲೆಲ್ಲ ಜಿಡ್ಡಿನ ಗೆರೆಗಳು ಇಳಿದಿದ್ದವು.

"ಇಲ್ಲಿ ಮಲಕಮ್ಮ ಅಂದ್ರ ಯಾರು?" ಎಂದಳು ಜೋರಾಗಿ.

"ನಾನರಿ."

"ನಿಮ್ಮ ಹೆಸರು ಹೇಳಿ ಮಾರ್ಯಾರ ನನಗ. ಮಲಕಮ್ಮನ ಕೈಕೆಲಸ, ಎರಡು ವರ್ಷ ಏನೂ ಆಗಂಗಿಲ್ಲ ಅಂದ್ರು. ನಾಚಿಕಿ ಬರಂಗಿಲ್ಲೇನು ನಿಮಗ?"

ನಾಲ್ಕು ಜನರ ಎದುರು ಕಪಾಳಕ್ಕೆ ಹೊಡೆದಂತಾಯಿತು. ಮಲಕಮ್ಮ ಯೋಗಿರಾಜನತ್ತ ನೋಡಿದಳು. ಅವನು ಹತ್ತಿರ ಬಂದು ಮೆಲ್ಲಗೆ, "ತಪ್ಪಾತು ಅಂದು ಮುಗಿಸು," ಎಂದ.

ಅಲ್ಲಿಗೆ ಅವಳ ತಾಳ್ಮೆ ತಪ್ಪಿತು. ಸೋಪಿನ ನೀರಿನ ಬಕೆಟ್ ಎತ್ತಿಕೊಂಡು ನೇರ ಅಂಗಳಕ್ಕೆ ನಡೆದಳು. ಅಲ್ಲಿ ಮಾರಲು ಉಳಿದ ಕಾರುಗಳಿಗೆ ಮಳೆ ನಿಂತ ಮೇಲೆ ಮತ್ತೆ ಎಣ್ಣೆ ಹಚ್ಚಿದ್ದರು; ಅವನ್ನು ಇಬ್ಬರು ಗಿರಾಕಿಗಳು ನೋಡುತ್ತಿದ್ದರು. ಮೊದಲ ಕಾರಿನ ಬಂಪರಿಗೆ ಒದ್ದೆ ಬಟ್ಟೆ ಹಾಕಿ ಒಂದೇ ಉಸಿರಿಗೆ ತಿಕ್ಕಿದಳು. ಮಿಂಚು ಬಟ್ಟೆಗೆ ಬಂತು, ಬಂಪರು ಬೆಳ್ಳಗೆ ಉಳಿಯಿತು. ಎರಡನೆಯದನ್ನು ತಿಕ್ಕಿದಳು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಯೋಗಿರಾಜ ಓಡಿಬಂದು ಬಟ್ಟೆ ಕಿತ್ತುಕೊಂಡ.

"ಯಾರ ಗಾಡಿಗೆ ಕೈ ಹಚ್ಚಾಕತ್ತೀ?"

"ಗಾಡಿ ನಿಮ್ದರಿ. ಹೆಸರು ನಂದು!"

ಗಿರಾಕಿಗಳು ಬೈಕು ಹತ್ತಿ ಹೋದರು.

"ನಾಳಿಂದ ಬರಬ್ಯಾಡ ನೀ," ಎಂದ ಯೋಗಿರಾಜ.

"ನಾಳಿತನಕ ಯಾಕ? ಈಗ ಹೊಂಟೀನಿ."

ಅಳು ಬಂದೀತೆಂಬ ಹೆದರಿಕೆಗೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಗೇಟಿನ ಬಳಿ ಸ್ನೇಹಲಳ ಮನೆಯ ವಿಳಾಸ ಕೇಳಿಕೊಂಡು, "ರವಿವಾರ ಮನ್ಯಾಗ ಇರ್ರಿ," ಎಂದಷ್ಟೇ ಹೇಳಿದಳು.

ರವಿವಾರ ಅಕ್ಕಲಕೋಟಕ್ಕೆ ಹೋದಳು. ಕರುಣೆಯಿಂದಲ್ಲ, ತನ್ನ ಹೆಸರು ಹೊತ್ತ ಕಾರು ಹಾಗೆ ಊರೆಲ್ಲ ತಿರುಗುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಬ್ರಷ್ಷಿನಿಂದ ಮೂರು ಸಲ ತಿಕ್ಕಿ ಜಿಡ್ಡು ತೆಗೆದಳು. ನೆರಳಿನಲ್ಲಿ ಪೂರ್ತಿ ಒಣಗಲು ಬಿಟ್ಟಳು. ಆಮೇಲೆ ಸ್ಪಂಜಿನಿಂದ ಕಪ್ಪು ಹಿಡಿದಿಡುವ ಕೋಟಿಂಗ್ ದ್ರವವನ್ನು ತೆಳ್ಳಗೆ ಎಳೆದು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದಳು. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಮಿಂಚದೆ, ಹೊಸದರಂತೆ ಗಟ್ಟಿ ಕಪ್ಪಾಗಿ ನಿಂತಿತು.

"ನಾ ತಪ್ಪು ತಿಳ್ಕೊಂಡೆ ಮಾವಶಿ," ಎಂದಳು ಸ್ನೇಹಲ, ಚಿಕ್ಕಮ್ಮನನ್ನು ಕರೆದಂತೆ, ಚಹಾ ಹಿಡಿದು.

"ಬೈಯೂಕಿಂತ ಮೊದಲ ಕೇಳಬೇಕಿತ್ರಿ," ಎಂದಳು ಮಲಕಮ್ಮ. ಚಹಾ ಕುಡಿದಳು, ನಗಲಿಲ್ಲ. "ನಾಳಿತನಕ ನೀರು ತಾಕಿಸಬ್ಯಾಡ್ರಿ."

ಆ ಮಳೆಗಾಲ ಕಪ್ಪು ಹೋಗಲಿಲ್ಲ. ಸ್ನೇಹಲಳ ಶಾಲೆಯ ಶಿಕ್ಷಕರು ಒಬ್ಬೊಬ್ಬರಾಗಿ ಮಲಕಮ್ಮನನ್ನು ಕರೆಸಿದರು. ಈಗ ಅವಳು ಬ್ರಷ್ಷು, ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಜನರ ಮನೆಗೇ ಹೋಗುತ್ತಾಳೆ.

ದೀಪಾವಳಿಯ ಮುಂಚೆ ಯೋಗಿರಾಜ ನಾಗಣ್ಣನ ಕೈಯಲ್ಲಿ ಹೇಳಿ ಕಳಿಸಿದ: ಸಿಟ್ಟು ಇಳಿದಿದ್ದರೆ ಬರಲಿ.

ಮಲಕಮ್ಮ ಯಾರದೋ ಕಾರಿನ ಚಕ್ರದ ಪಟ್ಟಿ ತಿಕ್ಕುತ್ತಿದ್ದಳು. ತಲೆ ಎತ್ತದೆ, "ಇಳಿದಿಲ್ಲ ಅಂತ ಹೇಳು ನಾಗಣ್ಣ," ಎಂದಳು.