ಎರಡು ಮೌಂಟಿಗೂ ಕುಂಕುಮ

ಅಂಧೇರಿಯ ಗ್ಯಾರೇಜಿನಲ್ಲಿ ನಮ್ಮ ಕ್ಯಾಂಪರ್ ವ್ಯಾನಿನ ಹೊಸ ಇಂಜಿನ್ ಸರಪಳಿಯಲ್ಲಿ ತೂಗುತ್ತಿತ್ತು. ಅದನ್ನು ಕೂರಿಸುವ ಎರಡು ರಬ್ಬರ್ ಮೌಂಟುಗಳಲ್ಲಿ ಎಡಗಡೆಯದು ಯಾವುದೆಂಬ ಗುರುತಿಗೆ ನಾನೇ ಕುಂಕುಮ ಹಚ್ಚಿಟ್ಟಿದ್ದೆ. ಈಗ ನೋಡಿದರೆ ಎರಡಕ್ಕೂ ಕುಂಕುಮ.

“ಪೂಜೆ ಮಾಡುವಾಗ ಒಂದಕ್ಕೆ ಹಚ್ಚಿ ಇನ್ನೊಂದನ್ನು ಬಿಡ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಅದೇ ವ್ಯಾನಿನಲ್ಲಿ ಅತ್ತೆಯನ್ನು ಉಡುಪಿಗೆ ಕರೆದೊಯ್ಯಬೇಕಿತ್ತು. ನಾನು ಕುಂಕುಮ ಹಚ್ಚಿದ್ದು ದಪ್ಪಗಿರುವುದಕ್ಕೇ, ಅದೇ ಎಡಗಡೆಯದು ಎಂದು ಹಟ ಹಿಡಿದೆ. ಎಷ್ಟು ತಿಣುಕಿದರೂ ಬೋಲ್ಟು ಕೂರಲಿಲ್ಲ.

“ಸರ್, ಅದಲು ಬದಲು ಮಾಡೂಣ್ರಿ. ಇಲ್ಲಾಂದ್ರ ಇಂಜಿನ್ ಇಲ್ಲೇ ಜೋಕಾಲಿ ಆಡತೈತಿ” ಎಂದ ವಿಜಯಪುರದ ಮೆಕ್ಯಾನಿಕ್. ಬದಲಿಸಿದೊಡನೆ ಕೂತಿತು.

ವ್ಯಾನ್ ಚೆನ್ನಾಗಿಯೇ ಓಡುತ್ತಿದೆ. ಆದರೆ ಕಣ್ಣು ಮುಚ್ಚಿದರೆ ಇವತ್ತಿಗೂ ಎಡಗಡೆ ಕಾಣುವುದು ಆ ದಪ್ಪ ಮೌಂಟೇ. ಹೀಗೆ ಕಂಡದ್ದನ್ನು ನಂಬಿಕೊಂಡು ಇಷ್ಟು ವರ್ಷ ಯಾರ್ಯಾರ ಜೊತೆ ವಾದ ಗೆದ್ದಿದ್ದೇನೋ.